ಚಳಿಗಾಲಕ್ಕೆ ಮೊದಲು ಬಾ, ಬರುವಾಗ ಮೇಲಂಗಿ ತಾ

ಧಾರವಾಡದಲ್ಲಿ ಸಭಾಪಾಲಕರ, ಅಂದರೆ ಪಾಸ್ಟರುಗಳ, ಒಂದು ದಿನದ ಕೂಟದಲ್ಲಿ ನಾವು ನಮಗಾಗಿ ಇಟ್ಟುಕೊಳ್ಳಬೇಕಾದ ಗುರಿಗಳ ಬಗ್ಗೆ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ನೆನಪಿದ್ದಷ್ಟು ಬರೆದಿದ್ದೇನೆ. ಮಾತಾಡುವ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ.

ಬೆಳಿಗ್ಗೆ ಚಹಾ ಕುಡಿಯುವಾಗ ನಿಮ್ಮಲ್ಲಿ ಒಬ್ಬರು ನನ್ನ ಹತ್ತಿರ ಬಂದು, "ಅಯ್ಯನವರೇ, ಈ ವರ್ಷದ ನನ್ನ ಗುರಿ 20 ಹೊಸ ಕುಟುಂಬ" ಅಂದರು. ಚಿಕ್ಕ ವಯಸ್ಸು, ಮುಖದ ತುಂಬ ಉತ್ಸಾಹ. ನನಗೆ ಸಂತೋಷ ಆಯಿತು. "ಸರಿ, ಅದು ಸಭೆಯದಾಯಿತು. ನಿಮ್ಮದೇನು?" ಅಂತ ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಅರ್ಥ ಆಗಲಿಲ್ಲ. ತಪ್ಪು ಅವರದ್ದಲ್ಲ. 34 ವರ್ಷ ಸೇವೆ ಮಾಡಿದ ನನಗೂ ಮೊದಲ 20 ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ನಮ್ಮ ವಾರ್ಷಿಕ ವರದಿ ನೆನಪು ಮಾಡಿಕೊಳ್ಳಿ. ಎಷ್ಟು ದೀಕ್ಷಾಸ್ನಾನ, ಎಷ್ಟು ಮದುವೆ, ಎಷ್ಟು ಮಣ್ಣು, ವಂತಿಗೆ ಎಷ್ಟು ಬಂತು, ಬಾಕಿ ಎಷ್ಟು ಉಳೀತು, ದೇವಾಲಯದ ಹೆಂಚು ಬದಲಾಯಿಸಿದ್ದಕ್ಕೆ ಎಷ್ಟು ಖರ್ಚಾಯಿತು, ಎಲ್ಲದಕ್ಕೂ ಜಾಗ ಇದೆ. ಅಯ್ಯನವರು ಹೇಗಿದ್ದಾರೆ ಅಂತ ಬರೆಯಲು ಜಾಗ ಇಲ್ಲ. ಹಾಗಾಗಿ ನಾವು ಆ ಲೆಕ್ಕವನ್ನೇ ನಮ್ಮ ಲೆಕ್ಕ ಅಂದುಕೊಳ್ಳುತ್ತೇವೆ. ಸಂಖ್ಯೆ ಏರಿದರೆ ನಾನು ಚೆನ್ನಾಗಿದ್ದೇನೆ, ಇಳಿದರೆ ನಾನು ಸೋತೆ.

ನಾನು ಒಂದು ಹಳ್ಳಿಯ ಸಭೆಗೆ ಹೋದಾಗ 40 ಮನೆಗಳಿದ್ದವು. ಮಳೆ ಕೈಕೊಟ್ಟಿತು. ಒಂದೊಂದೇ ಮನೆಯವರು ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದರು. ಐದು ವರ್ಷಕ್ಕೆ 25 ಮನೆ ಉಳಿದವು. ಅವರು ಹೋಗಿದ್ದು ಕೂಲಿಗಾಗಿ, ನನ್ನ ಪ್ರಸಂಗ ಸರಿಯಿಲ್ಲ ಅಂತಲ್ಲ. ಆದರೂ ಆ ಐದು ವರ್ಷ ನಾನು ರಾತ್ರಿ ಮಲಗುವಾಗ ನನ್ನನ್ನೇ ಬೈದುಕೊಂಡು ಮಲಗಿದ್ದೇನೆ. ಮಳೆಯ ಲೆಕ್ಕವನ್ನು ನನ್ನ ಆತ್ಮದ ಲೆಕ್ಕಕ್ಕೆ ಬರೆದುಕೊಂಡಿದ್ದೆ. 20 ಕುಟುಂಬ ಬರಲಿ ಅಂತ ಪ್ರಾರ್ಥಿಸಿ, ದುಡಿಯಿರಿ, ಬೇಡ ಅನ್ನೋದಿಲ್ಲ. ಆದರೆ ಅದು ನಿಮ್ಮ ಕೈಯಲ್ಲಿಲ್ಲ. ಇವತ್ತು ನಾನು ಮಾತಾಡೋದು ನಿಮ್ಮ ಕೈಯಲ್ಲಿ ಇರುವುದರ ಬಗ್ಗೆ.

ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರ, ನಾಲ್ಕನೆಯ ಅಧ್ಯಾಯ ತೆಗೆಯಿರಿ. ಒಳ್ಳೆಯ ಹೋರಾಟ ಹೋರಾಡಿದ್ದೇನೆ, ಓಟ ಮುಗಿಸಿದ್ದೇನೆ ಅನ್ನುವ ಆ ಮಾತನ್ನು ನಾವೆಲ್ಲ ಮಣ್ಣಿನ ಆರಾಧನೆಯಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಓದಿ ಅಲ್ಲಿಗೇ ನಿಲ್ಲಿಸುತ್ತೇವೆ. ಸ್ವಲ್ಪ ಕೆಳಗೆ ಇಳಿಯಿರಿ. ಸಾವು ಹತ್ತಿರ ಬಂದಿದೆ ಅಂತ ತಾನೇ ಹೇಳಿದ ಮನುಷ್ಯ, ಸೆರೆಯಲ್ಲಿ ಕೂತು, ತನಗೆ ಏನು ಬೇಕು ಅಂತ ಬರೆಯುತ್ತಾನೆ. ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟು ಬಂದ ಮೇಲಂಗಿ ತಾ. ಪುಸ್ತಕ ತಾ, ಅದರಲ್ಲೂ ಚರ್ಮದ ಹಾಳೆಗಳನ್ನು ಮರೀಬೇಡ. ಮಾರ್ಕನನ್ನು ಕರಕೊಂಡು ಬಾ. ಬೇಗ ಬಾ, ಚಳಿಗಾಲಕ್ಕೆ ಮೊದಲೇ ಬಾ.

ಓಟ ಮುಗಿಸಿದೆ ಅಂದವನಿಗೆ ಇನ್ನು ಪುಸ್ತಕ ಯಾಕೆ? ಸಾಯುವವನಿಗೆ ಮೇಲಂಗಿ ಯಾಕೆ? ನನಗೆ ಈ ಭಾಗ ಓದಿದಾಗಲೆಲ್ಲ ಕಣ್ಣು ತುಂಬುತ್ತದೆ. ಎಷ್ಟೋ ಊರುಗಳಲ್ಲಿ ಸಭೆ ಕಟ್ಟಿದ ಅಪೊಸ್ತಲ ಆ ಸಭೆಗಳ ಪಟ್ಟಿ ಹಾಕಲಿಲ್ಲ. ಚಳಿ ಆಗ್ತಿದೆ ಅಂದ. ಓದಬೇಕು ಅಂದ. ಒಬ್ಬನೇ ಇದ್ದೀನಿ, ಲೂಕ ಒಬ್ಬನೇ ಜೊತೆಗಿದ್ದಾನೆ ಅಂದ.

ಮೇಲಂಗಿಯಿಂದ ಶುರು ಮಾಡುತ್ತೇನೆ. ಇದರ ಬಗ್ಗೆ ಜಾಸ್ತಿ ಮಾತಾಡುತ್ತೇನೆ, ಯಾಕಂದ್ರೆ ನಾನು ಜಾಸ್ತಿ ಎಡವಿದ್ದು ಇಲ್ಲೇ.

ಮೇಲಂಗಿ ಅಂದರೆ ಮೈ. ನಮ್ಮ ಮೈ. ಸಭಾಪಾಲಕನ ಮೈಗೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಸಂಜೆ ಎಂಟು ಮನೆ ಭೇಟಿ ಅಂದರೆ ಎಂಟು ಲೋಟ ಚಹಾ. ನಮ್ಮ ಕಡೆ ಅಯ್ಯನವರು ಬಂದರು ಅಂದರೆ ಸಕ್ಕರೆ ಒಂದು ಚಮಚ ಜಾಸ್ತಿಯೇ ಬೀಳುತ್ತದೆ, ಅದು ಪ್ರೀತಿ. ಜೊತೆಗೆ ಬಿಸ್ಕೆಟ್ಟು, ಚೂಡಾ, ಹಬ್ಬವಾದರೆ ಕರ್ಜಿಕಾಯಿ. ಬೇಡ ಅನ್ನಬಹುದಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಅವರಿಗೆ ಗೊತ್ತಿಲ್ಲ. ನಮ್ಮ ಸಭೆಗಳಲ್ಲಿ ಎಷ್ಟೋ ಮನೆಗಳು, ತಲೆತಲಾಂತರದಿಂದ ಬೇರೆಯವರು ಒಂದು ಲೋಟ ನೀರೂ ಮುಟ್ಟದೆ ಬಿಟ್ಟ ಮನೆಗಳು. ಆ ಮನೆಯ ಅಜ್ಜಿ ಚಹಾ ತಂದು ಕೈಗೆ ಕೊಟ್ಟು, ನಾನು ಕುಡಿಯುವ ತನಕ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ. ಆ ನೋಟ ನೋಡಿದವರಿಗೆ ಲೋಟ ವಾಪಸ್ ಇಡೋದಕ್ಕೆ ಆಗೋದಿಲ್ಲ. ನಾನು 22 ವರ್ಷ ಒಂದು ಲೋಟವನ್ನೂ ವಾಪಸ್ ಇಡಲಿಲ್ಲ.

ಒಂದು ಡಿಸೆಂಬರ್ ತಿಂಗಳು. ಒಂಬತ್ತು ರಾತ್ರಿ ಕ್ಯಾರಲ್, ಮನೆ ಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವುದು. ಪ್ರತಿ ರಾತ್ರಿ ಮನೆಗೆ ಬರುವಾಗ ಒಂದು ಗಂಟೆ, ಎರಡು ಗಂಟೆ. ಪ್ರತಿ ಮನೆಯಲ್ಲೂ ಕೇಕು. ಹತ್ತನೆಯ ದಿನ ಮಧ್ಯಾಹ್ನ ಒಬ್ಬ ಹಿರಿಯರ ಮಣ್ಣು ಇತ್ತು. ಸಮಾಧಿಯ ಅಂಚಿನಲ್ಲಿ ನಿಂತು "ಮಣ್ಣಿಗೆ ಮಣ್ಣು" ಅನ್ನುವಾಗ ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊಣಕೈ ಹಿಡಿಯದೇ ಹೋಗಿದ್ದರೆ ನಾನು ಆ ಗುಂಡಿಯೊಳಗೇ ಬೀಳುತ್ತಿದ್ದೆ. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ 380. ಯಾವಾಗಿಂದ ಇತ್ತೋ ಗೊತ್ತಿಲ್ಲ, ಯಾಕಂದ್ರೆ ನಾನು ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಸಭೆಯವರಿಗೆ ಆರೋಗ್ಯ ಶಿಬಿರ ಮಾತ್ರ ಮೂರು ಸಲ ಮಾಡಿಸಿದ್ದೆ. ಮೂರೂ ಸಲ ಕುರ್ಚಿ ಹಾಕಿಸುವುದರಲ್ಲಿ, ಸಾಲು ನಿಲ್ಲಿಸುವುದರಲ್ಲಿ ನನ್ನ ಹೊತ್ತು ಕಳೆದುಹೋಗಿತ್ತು.

ಆಮೇಲೆ ಏನು ಮಾಡಿದೆ? ದೊಡ್ಡದೇನಲ್ಲ. ಜನವರಿಯ ಮೊದಲ ಭಾನುವಾರ ಪ್ರಕಟಣೆ ಓದುವಾಗ ವೇದಿಯ ಮೇಲಿಂದಲೇ ಹೇಳಿಬಿಟ್ಟೆ: "ನನಗೆ ಸಕ್ಕರೆ ಕಾಯಿಲೆ ಇದೆ. ನಿಮ್ಮ ಎಲ್ಲರ ಮನೆಗೂ ಬರುತ್ತೇನೆ, ಎಲ್ಲರ ಮನೆಯಲ್ಲೂ ಕುಡಿಯುತ್ತೇನೆ, ಬಿಸಿನೀರು ಕೊಡಿ, ಇಲ್ಲಾ ಸಕ್ಕರೆ ಇಲ್ಲದ ಕರಿ ಚಹಾ ಕೊಡಿ." ಅಷ್ಟೇ. ಹೇಳಲು 22 ವರ್ಷ ಬೇಕಾಯಿತು. ಅವತ್ತು ಆರಾಧನೆ ಮುಗಿದ ಮೇಲೆ ಏಳು ಜನ ಬಂದು ತಮಗೂ ಇದೆ, ಮನೆಯಲ್ಲಿ ಹೇಳಿಲ್ಲ ಅಂದರು. ಆಮೇಲೆ ಆ ಅಜ್ಜಿ ನನಗಾಗಿ ಬೇರೆ ಲೋಟದಲ್ಲಿ ಜೀರಿಗೆ ನೀರು ಕುದಿಸಿ ಇಡುತ್ತಿದ್ದಳು. ಅದನ್ನು ಕುಡಿಯುವ ತನಕ ಮೊದಲಿನ ಹಾಗೇ ಮುಖ ನೋಡುತ್ತಾ ನಿಲ್ಲುತ್ತಿದ್ದಳು.

ನಿಮ್ಮಲ್ಲಿ 40 ದಾಟಿದವರು ಸುಮ್ನೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಕಾಯಿಲೆ ಇದ್ದವರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಇದೆಯಲ್ಲ, ಅದನ್ನು ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ. ಇದು ಆತ್ಮಿಕ ಗುರಿಯೋ ಲೌಕಿಕ ಗುರಿಯೋ ಅಂತ ಕೇಳಬೇಡಿ. ಎಲೀಯನ ಕಥೆ ಓದಿ, ಅರಸುಗಳ ಮೊದಲನೆಯ ಪುಸ್ತಕ, 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಪ್ರವಾದಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ದೂತನನ್ನು ಕಳಿಸಿದರು. ದೂತ ಪ್ರಸಂಗ ಮಾಡಲಿಲ್ಲ. ನಿನಗೆ ನಂಬಿಕೆ ಸಾಲದು ಅನ್ನಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ರೊಟ್ಟಿ. ಎರಡು ಸಲ ಊಟ, ಎರಡು ಸಲ ನಿದ್ದೆ ಆದ ಮೇಲೆಯೇ ಹೋರೇಬ್ ಬೆಟ್ಟದ ದಾರಿ, ಅಲ್ಲಿಯೇ ದೇವರ ಆ ಮೆಲುದನಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಇಂಥ ಕೂಟಗಳಲ್ಲಿ ಇದನ್ನು ಯಾರೂ ಹೇಳೋದಿಲ್ಲ. ಎಲೀಯನ ಹಾಗೆ ಸಾಕು ಅನ್ನಿಸಿದವರು ಈ ಕೋಣೆಯಲ್ಲೂ ಇರಬಹುದು. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಬೈಬಲ್ ತೆರೆದರೆ ಅಕ್ಷರ ಕಾಣುತ್ತದೆ ಅರ್ಥ ಕಾಣೋದಿಲ್ಲ, ಮಕ್ಕಳ ಮೇಲೆ ಸುಮ್ಸುಮ್ನೆ ಸಿಟ್ಟು, ಭಾನುವಾರ ಹತ್ತಿರ ಬಂದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ. ಇದು ಪಾಪವಲ್ಲ, ಶಾಪವಲ್ಲ. ಕಾಯಿಲೆ ಇರಬಹುದು, ಕಾಯಿಲೆಗೆ ಮದ್ದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುವ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ 2022ರಿಂದ ಇದೆ. ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಭೆಯವರಿಗೆ ಕೊಡಲು ಬರೆದುಕೊಳ್ಳಿ. ನಿಮಗೂ ಅಂತ ಬರೆದುಕೊಳ್ಳಿ.

ವಾರಕ್ಕೆ ಒಂದು ದಿನ ರಜೆ ಬೇಕು. ಭಾನುವಾರ ನಮಗೆ ಕೆಲಸದ ದಿನ, ಹಾಗಾಗಿ ಸೋಮವಾರ ಅಂತ ಇಟ್ಟುಕೊಳ್ಳಿ. ಶಿಷ್ಯರಿಗೆ ಊಟ ಮಾಡಲೂ ಪುರಸೊತ್ತಿಲ್ಲದಷ್ಟು ಜನ ಬಂದು ಹೋಗುತ್ತಿದ್ದಾಗ ಸ್ವಾಮಿ ಯೇಸು, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂದರು, ಮಾರ್ಕ 6ರಲ್ಲಿದೆ. ಸಭಾಪಾಲನಾ ಸಮಿತಿಗೆ ಬರೆದು ಕೊಡಿ: ಸೋಮವಾರ ಸಾವು, ಅಪಘಾತ ಬಿಟ್ಟರೆ ಬೇರೆ ಯಾವುದಕ್ಕೂ ಫೋನ್ ಮಾಡಬೇಡಿ ಅಂತ. ಮೊದಲ ಎರಡು ತಿಂಗಳು ಗೊಣಗುತ್ತಾರೆ. ಮೂರನೆಯ ತಿಂಗಳಿಗೆ ಅವರೇ ಬೇರೆಯವರಿಗೆ "ಇವತ್ತು ಸೋಮವಾರ, ಅಯ್ಯನವರಿಗೆ ಮಾಡಬೇಡ" ಅನ್ನುತ್ತಾರೆ. ನನ್ನ ಕಣ್ಣಾರೆ ಕಂಡಿದ್ದೇನೆ.

ಇನ್ನು ಪುಸ್ತಕ.

ಮದುವೆ ಮನೆಯ ಅಡುಗೆಯವರನ್ನು ನೋಡಿದ್ದೀರಲ್ಲ. ಬೆಳಗಿನ ಜಾವದಿಂದ ಒಲೆ ಮುಂದೆ. 500 ಎಲೆ ಬಡಿಸುತ್ತಾರೆ. ಉಪ್ಪು ನೋಡಲು ಅಂಗೈ ಮೇಲೆ ಎರಡು ಹನಿ ಸಾರು ಹಾಕಿಕೊಂಡು ನಾಲಿಗೆಗೆ ಮುಟ್ಟಿಸುತ್ತಾರೆ. ಕೊನೆಗೆ ಹಸಿವು ಸತ್ತು, ಊಟ ಮಾಡದೇ ಚಾಪೆ ಮೇಲೆ ಮಲಗುತ್ತಾರೆ. ನಾನು ಬೈಬಲ್ ಓದಿದ್ದು ಹಾಗೆ. ಉಪ್ಪು ನೋಡುವಷ್ಟು. ಒಂದು ವಾಕ್ಯ ಓದಿದ ಕೂಡಲೇ ಇದು ಈಸ್ಟರಿಗೆ ಆಗುತ್ತದೆ, ಇದು ಸುಗ್ಗಿ ಹಬ್ಬಕ್ಕೆ, ಇದನ್ನು ಮೂರು ಭಾಗ ಮಾಡಬಹುದು ಅಂತ ತಲೆ ಓಡುತ್ತಿತ್ತು. ಒಂದು ವಾಕ್ಯವೂ ನನಗಾಗಿ ಉಳಿಯುತ್ತಿರಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಬೈಬಲಿನ ಕೀರ್ತನೆಗಳು. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ 150 ಕೀರ್ತನೆಗಳನ್ನು 30 ದಿನಕ್ಕೆ ಹಂಚಿಟ್ಟಿದ್ದಾರೆ, ತಿಂಗಳಿಗೊಮ್ಮೆ ಪೂರ್ತಿ ಮುಗಿಯುವ ಹಾಗೆ. ನಾನು ಸುಲಭಕ್ಕೆ ದಿನಕ್ಕೆ ಐದು ಅಂತ ಇಟ್ಟುಕೊಂಡೆ. ಬೆಳಿಗ್ಗೆ, ಮೊಬೈಲ್ ಮುಟ್ಟುವ ಮೊದಲು. ಬಾಯಿಬಿಟ್ಟು ಓದುವುದು, ಪೆನ್ನು ಹತ್ತಿರ ಇಟ್ಟುಕೊಳ್ಳಬಾರದು, ಓದಿದ್ದನ್ನು ಆ ವಾರ ಪ್ರಸಂಗಕ್ಕೆ ಬಳಸಬಾರದು. ಮೊದಲ ತಿಂಗಳು ಕಷ್ಟ ಆಯಿತು. ಪೆನ್ನಿಗೆ ಕೈ ಹೋಗುತ್ತಿತ್ತು. ಎರಡನೆಯ ತಿಂಗಳು ಒಂದು ಬೆಳಿಗ್ಗೆ 88ನೆಯ ಕೀರ್ತನೆ ಓದಿದೆ. ಅದೊಂದು ಕತ್ತಲೆಯಲ್ಲೇ ಮುಗಿಯುವ ಕೀರ್ತನೆ, ಕೊನೆಯಲ್ಲಿ ಸ್ತೋತ್ರ ಇಲ್ಲ, ಬೆಳಕಿಲ್ಲ. ಓದಿ ತುಂಬ ಹೊತ್ತು ಕೂತೆ. ಹೀಗೂ ದೇವರ ಹತ್ತಿರ ಮಾತಾಡಬಹುದು ಅಂತ ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದೆ. ಅವತ್ತು ನಾನು ಮಾತಾಡಿದೆ.

ಪ್ರಾರ್ಥನೆ ವಿಷಯದಲ್ಲಿ ಗಂಟೆಗಳ ಗುರಿ ಇಟ್ಟುಕೊಳ್ಳಬೇಡಿ ಅಂತ ನನ್ನ ವಿನಂತಿ. ದಿನಾ ಮೂರು ಗಂಟೆ ಅಂತ ಹೊಸ ವರ್ಷದ ರಾತ್ರಿ ಹರಕೆ ಹೊತ್ತು, ಜನವರಿ 10ಕ್ಕೆ ಬಿಟ್ಟು, ಆ ತಪ್ಪಿನ ಭಾರ ವರ್ಷವಿಡೀ ಹೊತ್ತು ತಿರುಗಿದವರನ್ನು ನಾನು ಬಲ್ಲೆ. 15 ನಿಮಿಷ ಸಾಕು. ಆದರೆ ಯಾರೂ ಇಲ್ಲದ ಕಡೆ. ಮಾರ್ಕ 1ರಲ್ಲಿ ಯೇಸು ಬೆಳಗಾಗುವ ಮೊದಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸುತ್ತಿರುತ್ತಾರೆ. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾನೆ. ಯೇಸು ವಾಪಸ್ ಓಡಲಿಲ್ಲ. ಪಕ್ಕದ ಊರುಗಳಿಗೆ ಹೋಗೋಣ ಅಂದರು. ಕಪೆರ್ನೌಮಿನಲ್ಲಿ ಇನ್ನೂ ರೋಗಿಗಳು ಇದ್ದಿರಬೇಕು, ಅಲ್ವಾ? ಎಲ್ಲರೂ ಹುಡುಕುತ್ತಿದ್ದಾರೆ ಅನ್ನುವ ಮಾತಿಗೆ ನಾವು ಪ್ರತಿ ಸಲವೂ ಎದ್ದು ಓಡುತ್ತೇವೆ.

ಬೈಬಲ್ ಬಿಟ್ಟು ಬೇರೆ ಓದೂ ಬೇಕು. ಧಾರವಾಡದಲ್ಲಿ ನಿಂತು ಈ ಮಾತು ಹೇಳುವಾಗ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹೆಸರು ಹೇಳದೇ ಇರಲು ಆಗೋದಿಲ್ಲ. 1881ರಲ್ಲಿ ಇದೇ ಊರಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ ಸಭೆಯ ಪಾದ್ರಿ. ಹಳ್ಳಿ ಹಳ್ಳಿ ತಿರುಗಿ ಜನರ ಬಾಯಲ್ಲಿದ್ದ, ಹಳೆಯ ಪ್ರತಿಗಳಲ್ಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಇವತ್ತು ಕನ್ನಡದ ಮಕ್ಕಳ ಬಾಯಲ್ಲಿ ಸರ್ವಜ್ಞ ಇದ್ದಾನೆ ಅಂದರೆ ಅದರಲ್ಲಿ ಈ ಪಾದ್ರಿಯವರ ಪಾಲು ದೊಡ್ಡದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಾದ್ರಿಯ ಕೆಲಸ ಬಿಟ್ಟು ಇದನ್ನು ಮಾಡಿದರೇ ಅಂತ ಕೆಲವರು ಕೇಳುತ್ತಾರೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ತಾನು ಯಾರ ನಡುವೆ ಸೇವೆ ಮಾಡುತ್ತಿದ್ದೇನೋ ಆ ಜನ ಯಾವುದಕ್ಕೆ ನಗುತ್ತಾರೆ, ಯಾವ ಮಾತಿಗೆ ತಲೆದೂಗುತ್ತಾರೆ ಅಂತ ತಿಳಿಯುವ ಹಸಿವು ಅವರಿಗಿತ್ತು. ಕಿಟೆಲ್ ಅವರೂ ಹಾಗೇ. 1853ರಲ್ಲಿ ಜರ್ಮನಿಯಿಂದ ಬಂದ ಆ ಪಾದ್ರಿಯ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ.

ನೀವು ನಿಘಂಟು ಬರೆಯಬೇಕಾಗಿಲ್ಲ. ತಿಂಗಳಿಗೆ ಒಂದು ಕನ್ನಡ ಪುಸ್ತಕ ಓದಿ, ಅದು ಪ್ರಸಂಗಕ್ಕೆ ಆಗುತ್ತದೋ ಇಲ್ಲವೋ ನೋಡಬೇಡಿ. ಶನಿವಾರ ರಾತ್ರಿ ಯೂಟ್ಯೂಬಿನಲ್ಲಿ ಬೇರೆಯವರ ಪ್ರಸಂಗ ಕೇಳಿ ಭಾನುವಾರ ಅದನ್ನೇ ಹೇಳುವ ಅಭ್ಯಾಸ ಹೆಚ್ಚಾಗುತ್ತಿದೆ. ಜನರಿಗೆ ಗೊತ್ತಾಗುತ್ತದೆ, ಅವರೂ ಅದನ್ನೇ ಕೇಳಿರುತ್ತಾರೆ. ನಿಮ್ಮದೇ ಆದ ಹತ್ತು ನಿಮಿಷ ಸಾಕು, ನಾನಾದರೂ ಅದನ್ನೇ ಕೂತು ಕೇಳುತ್ತೇನೆ.

ದುಡ್ಡಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಾಣಿಕೆಯನ್ನು ಒಬ್ಬರೇ ಎಣಿಸಬೇಡಿ, ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಲಿ. ಸಭೆಯವರ ಹತ್ತಿರ ಕೈಸಾಲ ಮಾಡಬೇಡಿ. ಸಂಬಳ ಸಾಲದು ಅಂತ ನನಗೂ ಗೊತ್ತು. ಸಾಲದು ಅಂತ ಸಮಿತಿಯಲ್ಲಿ ಎದ್ದು ಹೇಳಿ, ಅದು ನಾಚಿಕೆಯಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ಮಾರ್ಚ್ ತಿಂಗಳಲ್ಲಿ ಹತ್ತನೆಯ ತರಗತಿ ಮಕ್ಕಳು ಹಾಲ್ ಟಿಕೆಟ್ ಹಿಡಿದು ವೇದಿಯ ಮುಂದೆ ಬರುತ್ತಾರೆ, ನಾವು ಒಬ್ಬೊಬ್ಬರ ತಲೆ ಮೇಲೆ ಕೈಯಿಟ್ಟು ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಒಂದು ವರ್ಷ ಕಣ್ಣು ಮುಚ್ಚಿಕೊಂಡು ಸಾಲಾಗಿ ಪ್ರಾರ್ಥಿಸುತ್ತಾ ಹೋದೆ. ಮುಂದಿನ ತಲೆ ಮೇಲೆ ಕೈಯಿಟ್ಟು "ಹೆಸರು ಹೇಳಮ್ಮ" ಅಂದೆ. ಉತ್ತರ ಬರಲಿಲ್ಲ. ಕಣ್ಣು ತೆರೆದರೆ ನನ್ನ ಮಗಳು. ಆ ವರ್ಷ ಅವಳದ್ದೂ ಪರೀಕ್ಷೆ. ಮನೆಯಲ್ಲಿ ಅವಳು ಓದಲು ಕೂತ ಹೊತ್ತಿಗೆ ನಾನು ಯಾವತ್ತೂ ಇರುತ್ತಿರಲಿಲ್ಲ. ರಾತ್ರಿ ಅವಳ ಅಮ್ಮ ಕೇಳಿದ್ದಕ್ಕೆ, "ಅಲ್ಲಿ ನಿಂತರೆ ಪಪ್ಪ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾರೆ ಅಂತ ನಿಂತೆ" ಅಂದಳಂತೆ. ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಅವತ್ತಿನಿಂದ ರಾತ್ರಿ ಊಟ ಮನೆಯಲ್ಲೇ, ವಾರಕ್ಕೆ ನಾಲ್ಕು ದಿನವಾದರೂ. ಏಳೂ ದಿನ ಅಂತ ಬರೆದುಕೊಳ್ಳಲಿಲ್ಲ, ಆಗೋದಿಲ್ಲ ಅಂತ ಗೊತ್ತಿತ್ತು. ನಾಲ್ಕು ಆಯಿತು. ಒಮ್ಮೊಮ್ಮೆ ಐದೂ ಆಯಿತು.

ಇಲ್ಲಿ ಕೂತಿರುವ ಸಭಾಪಾಲಕಿಯರಿಗೆ ಒಂದು ಮಾತು. ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸಭೆಯಲ್ಲಿ ಹೆಣ್ಣುಮಕ್ಕಳು ಅಭಿಷೇಕ ಪಡೆದು ಸೇವೆ ಮಾಡುತ್ತಿದ್ದಾರೆ, 2013ರಲ್ಲಿ ಒಬ್ಬ ತಾಯಿ ಬಿಷಪ್ಪರೂ ಆದರು. ಆದರೆ ನಮ್ಮ ಹೆಂಡತಿಯರ ಹಾಗೆ "ಅಮ್ಮನವರು" ಅನ್ನಿಸಿಕೊಳ್ಳುವವರು ನಿಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ. ನಮಗೆ ಬಿಸಿ ಊಟ ಬಡಿಸಿ, ಬಂದ ಅತಿಥಿಗೆ ಚಹಾ ಮಾಡಿ, ಸ್ತ್ರೀಯರ ಕೂಟ ನಡೆಸಿಕೊಡುವವರು ಒಬ್ಬರು ಇದ್ದರು, ಇದ್ದಾರೆ. ನೀವು ಪ್ರಸಂಗವನ್ನೂ ಮಾಡಿ ಆ ಕೆಲಸವನ್ನೂ ಮಾಡುತ್ತೀರಿ. ನಿಮ್ಮ ಗುರಿ ಏನಿರಬೇಕು ಅಂತ ಹೇಳುವ ಅಧಿಕಾರ ನನಗಿಲ್ಲ. ಮನೆಗೆಲಸಕ್ಕೆ ಸಹಾಯ ಕೇಳುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಮೂರನೆಯದು ಮಾರ್ಕ. ಇದನ್ನು ಹೇಳಲಿಕ್ಕೇ ನಾನು ಇಷ್ಟು ದೂರ ಬಂದಿದ್ದು.

ಅಪೊಸ್ತಲರ ಕೃತ್ಯಗಳು 15 ನಿಮಗೆ ಗೊತ್ತು. ಮಾರ್ಕ ಮೊದಲ ಸೇವಾ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಬಿಟ್ಟು ಹೋದವನು, ಅವನನ್ನು ಮತ್ತೆ ಕರಕೊಂಡು ಹೋಗೋದು ಬೇಡ ಅಂತ ಪೌಲ. ಕರಕೊಂಡು ಹೋಗೋಣ ಅಂತ ಬಾರ್ನಬ. ಮಾತು ಬೆಳೆದು ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಎಷ್ಟೋ ವರ್ಷಗಳ ಮೇಲೆ, ಸೆರೆಮನೆಯಿಂದ, ಅದೇ ಪೌಲ ಬರೆಯುತ್ತಾನೆ: ಮಾರ್ಕನನ್ನು ಕರಕೊಂಡು ಬಾ, ಸೇವೆಗೆ ಅವನು ನನಗೆ ಬೇಕು. ನಡುವೆ ಏನೇನು ಆಯಿತೋ ಬೈಬಲ್ ಹೇಳೋದಿಲ್ಲ. ಯಾರು ಯಾರ ಮನೆಗೆ ಹೋದರು, ಮೊದಲು ಯಾರು ಮಾತಾಡಿದರು, ಗೊತ್ತಿಲ್ಲ.

ನನಗೂ ಒಬ್ಬರು ಮಾರ್ಕ ಇದ್ದರು. ಒಂದು ಸಭೆಯಲ್ಲಿ ಖಜಾಂಚಿ. ಕಟ್ಟಡದ ಲೆಕ್ಕದ ಮೇಲೆ ಸಮಿತಿಯಲ್ಲಿ ಮಾತಿಗೆ ಮಾತು ಬೆಳೆಯಿತು. ನಾನು ಎಲ್ಲರ ಮುಂದೆ ಅವರಿಗೆ ಆಡಬಾರದ ಮಾತು ಆಡಿದೆ. ಆಮೇಲೆ ಲೆಕ್ಕ ಸರಿಯಿತ್ತು ಅಂತ ಗೊತ್ತಾಯಿತು. ನಾನು ಕ್ಷಮೆ ಕೇಳಲಿಲ್ಲ. ಅವರು ಖಜಾಂಚಿ ಕೆಲಸ ಬಿಟ್ಟರು, ಸಭೆ ಬಿಡಲಿಲ್ಲ. ಪ್ರತಿ ತಿಂಗಳು ಕರ್ತನ ಭೋಜನಕ್ಕೆ ಬಂದು ಮೊಣಕಾಲೂರುತ್ತಿದ್ದರು. ನಾನು ದ್ರಾಕ್ಷಾರಸದ ಪಾತ್ರೆ ಅವರ ತುಟಿಗೆ ಹಿಡಿಯುತ್ತಿದ್ದೆ, ಅವರ ಮುಖ ನೋಡುತ್ತಿರಲಿಲ್ಲ. ಮೂರು ವರ್ಷ. ಆ ಪಾತ್ರೆ ಹಿಡಿದ ಕೈ ಇದೇ.

ನಾಲ್ಕನೆಯ ವರ್ಷ ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸ ಕಾಲದಲ್ಲಿ, ಅದು ಶುರುವಾಗುವ ವಿಬೂದಿ ಬುಧವಾರ ರಾತ್ರಿ, ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬರೆದು ಶುಭ ಶುಕ್ರವಾರದೊಳಗೆ ಅಂತ ಬರೆದೆ. ಐದು ವಾರ ಹೋಗಲಿಲ್ಲ. ಆರನೆಯ ವಾರ ಹೋದೆ. ಅವರು ಪಡಸಾಲೆಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ಎದ್ದೇಳಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಎದುರಿಗೆ ನೆಲದ ಮೇಲೆ ಕೂತು ಸುಲಿಯಲು ಶುರು ಮಾಡಿದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ, ಸಿಪ್ಪೆ ಒಡೆಯುವ ಸದ್ದು ಮಾತ್ರ. ಆಮೇಲೆ ಅವರೇ, "ಅಯ್ಯನವರೇ, ಬೀಜ ಒಡೀಬಾರದು, ಬಿತ್ತೋದಕ್ಕೆ ಬೇಕು" ಅಂದು ನನ್ನ ಬೆರಳು ಹಿಡಿದು ಹೇಗೆ ಒತ್ತಬೇಕು ಅಂತ ತೋರಿಸಿದರು. ನಾನು ಅಲ್ಲೇ ಅತ್ತೆ. ಹೇಳಬೇಕಾದ್ದನ್ನು ಹೇಳಿದೆ.

ನಿಮ್ಮ ಪಟ್ಟಿಯಲ್ಲಿ ಒಂದು ಹೆಸರು ಇರಲಿ ಅಂತ ಕೇಳುತ್ತೇನೆ. ಯಾರು ಅಂತ ನಾನು ಹೇಳಬೇಕಾಗಿಲ್ಲ, ಈಗಾಗಲೇ ನಿಮಗೆ ನೆನಪಾಗಿರುತ್ತದೆ.

ಈಗ ಪೌಲನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಏನು ಬೇಕು? ಮೇಲಂಗಿ. ಎಲ್ಲಿದೆ? ತ್ರೋವದಲ್ಲಿ, ಕರ್ಪನ ಮನೆಯಲ್ಲಿ. ಯಾರು ತರಬೇಕು? ತಿಮೊಥೆ. ಯಾವಾಗ? ಚಳಿಗಾಲಕ್ಕೆ ಮೊದಲು. ಆ ಕಾಲದಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಆ ಸಮುದ್ರದಲ್ಲಿ ಹಡಗು ಓಡುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತಿತ್ತು. ಹೊತ್ತು ಮೀರಿ ಹೊರಟ ಹಡಗಿನಲ್ಲಿ ಪೌಲನೇ ಒಮ್ಮೆ ಸಿಕ್ಕಿಕೊಂಡು ಸಮುದ್ರಕ್ಕೆ ಬಿದ್ದವನು. ಆ ತಿಂಗಳು ತಪ್ಪಿದರೆ ಮುಂದಿನ ವಸಂತದವರೆಗೆ ಇಲ್ಲ, ಆ ವಸಂತ ತನಗೆ ಇರಲಿಕ್ಕಿಲ್ಲ ಅಂತ ಅವನಿಗೆ ಗೊತ್ತು. ನಾವು "ಇನ್ನು ಮೇಲೆ ಆರೋಗ್ಯ ನೋಡಿಕೊಳ್ಳಬೇಕು", "ಪ್ರಾರ್ಥನೆಯಲ್ಲಿ ಬೆಳೀಬೇಕು" ಅಂತ ಬರೆಯುತ್ತೇವೆ. ಅದಕ್ಕೆ ವಿಳಾಸ ಇಲ್ಲ, ತಾರೀಕು ಇಲ್ಲ, ತರುವವರು ಯಾರೂ ಇಲ್ಲ. "ಏಪ್ರಿಲ್ 15ರೊಳಗೆ ರಕ್ತ ಪರೀಕ್ಷೆ, ತಾಲೂಕು ಆಸ್ಪತ್ರೆ, ಮಾಡಿಸಿದೆಯಾ ಅಂತ ಇಂಥವರು ಕೇಳುತ್ತಾರೆ" ಅಂತ ಬರೆಯಿರಿ.

ಕೇಳುವವರು ಬೇಕು. ನಮ್ಮ ಸಿಎಸ್‌ಐ 1947ರಲ್ಲಿ ಆದಾಗ ಸೇರಿದ ಸಭೆಗಳಲ್ಲಿ ಮೆಥಡಿಸ್ಟರೂ ಇದ್ದರು. ಅವರ ಮೂಲಪುರುಷ ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು. ವಾರಕ್ಕೊಮ್ಮೆ ಕೂಡಬೇಕು, ಕಳೆದ ವಾರದಿಂದ ಈಚೆಗೆ ಎಲ್ಲಿ ಎಡವಿದೆ ಅಂತ ಒಬ್ಬರು ಇನ್ನೊಬ್ಬರನ್ನು ಮುಖಾಮುಖಿ ಕೇಳಬೇಕು. ಈ ಆಸ್ತಿ ನಮ್ಮ ಮನೆಯಲ್ಲೇ ಇದೆ, ನಾವು ಬಳಸುತ್ತಿಲ್ಲ. ಇಬ್ಬರಿದ್ದರೆ ಸಾಕು. ಅವರು ನಿಮ್ಮ ಸಭೆಯವರಾಗಿರಬಾರದು, ಸಮಿತಿಯವರಾಗಿರಬಾರದು, ನಿಮ್ಮ ಟ್ರಾನ್ಸ್‌ಫರ್ ಕೈಯಲ್ಲಿರುವವರೂ ಆಗಿರಬಾರದು. ಹೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಾಗಿರಬೇಕು.

ಅಲ್ಲಿಗೆ ಮಾತು ಮುಗಿಸಿದೆ. ಪ್ರಶ್ನೆಗಳು ಬಂದವು. ಹೆಚ್ಚಿನವು ಸೋಮವಾರದ ಬಗ್ಗೆಯೇ, ಸಮಿತಿಗೆ ಹೇಗೆ ಹೇಳೋದು ಅಂತ. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಗಡಿ ಕಡೆಯ ಒಂದು ಹಳ್ಳಿಯ ಸಭೆ ಅವರದ್ದು. "ಅಯ್ಯನವರೇ, ನನ್ನ ಸಭೆಯಿಂದ 30 ಕಿಲೋಮೀಟರ್ ಒಳಗೆ ಇನ್ನೊಬ್ಬ ಪಾಸ್ಟರ್ ಇಲ್ಲ. ನನ್ನನ್ನು ಕೇಳುವವರು ಯಾರು?" ಅಂದರು. ನನಗೆ ಏನೂ ಹೇಳಲು ತೋಚಲಿಲ್ಲ. ಜೇಬಿನಿಂದ ಚೀಟಿ ತೆಗೆದು ನನ್ನ ನಂಬರು ಬರೆದು ಕೊಟ್ಟೆ. ಗುರುವಾರ ರಾತ್ರಿ ಒಂಬತ್ತಕ್ಕೆ ಮಾಡಿ ಅಂದೆ. ಅವತ್ತೇ ರಾತ್ರಿ ದಿನಕ್ಕೆ ಐದು ಕೀರ್ತನೆ ಶುರು ಮಾಡೋಣ ಅಂತ ಇಬ್ಬರೂ ಮಾತಾಡಿಕೊಂಡೆವು.

ನಿನ್ನೆ ಗುರುವಾರ. ಒಂಬತ್ತು ಹೊಡೆದು ಎರಡು ನಿಮಿಷಕ್ಕೆ ಫೋನ್ ಬಂತು. 35ರವರೆಗೆ ಆಗಿದೆ ಅಂದರು. ಒಂದು ದಿನವೂ ತಪ್ಪಿಸಿಲ್ಲ. ಅವರ ಮಗುವಿನ ಜ್ವರದ ಬಗ್ಗೆ, ಸಭೆ ಕೊಟ್ಟ ಮನೆ, ಆ ಸೋರುವ ಪಾರ್ಸನೇಜ್ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು. ಇಡುವ ಮೊದಲು ಸ್ವಲ್ಪ ತಡೆದು, "ನಿಮ್ಮದು ಎಲ್ಲಿಗೆ ಬಂತು ಅಯ್ಯನವರೇ?" ಅಂತ ಕೇಳಿದರು.

ನನ್ನದು 25ಕ್ಕೆ ನಿಂತಿತ್ತು. ಎರಡು ದಿನ ತಪ್ಪಿತ್ತು. ಹೇಳಿದೆ.